ಪರರ ರಂಗದಲ್ಲಿ ಸ್ವಂತ ಬೊಂಬೆ

ನಾಟಕದ ಕಂಪನಿಯೊಂದು ತನ್ನ ರಂಗಸ್ಥಳ, ಪರದೆ, ದೀಪಗಳೆಲ್ಲವನ್ನೂ ಊರವರ ಕೈಗೆ ಒಪ್ಪಿಸಿ, “ನಿಮಗೆ ಬೇಕಾದ ಆಟವನ್ನು ಕಟ್ಟಿಕೊಳ್ಳಿ, ವೇಷಗಳನ್ನೂ ನೀವೇ ತನ್ನಿ” ಎಂದರೆ ಹೇಗಿದ್ದೀತು? ಕಂಪ್ಯೂಟರ್ ಆಟಗಳ ಚರಿತ್ರೆಯಲ್ಲಿ ಇಂಥದೊಂದು ಔದಾರ್ಯ ನಡೆದುಹೋಗಿದೆ. ಹುಡುಗರ ಹುಚ್ಚೆಂದು ಇದನ್ನು ತಳ್ಳಿಹಾಕುವಂತಿಲ್ಲ. ಮಾಡಿದವನಿಗೆ ತಾನು ಮಾಡಿದ್ದರ ಮೇಲೆ ಹಕ್ಕೇನು ಎಂಬ ಹಳೆಯ ಜಗಳ ಅದರ ಬೆನ್ನಿಗೇ ಬಂದಿತು.

ಈ ಬಾಗಿಲನ್ನು ಅಗಲವಾಗಿ ತೆರೆದವರು ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯವರು. 1993ರ ಡಿಸೆಂಬರಿನಲ್ಲಿ ಅವರು ‘ಡೂಮ್’ ಆಟವನ್ನು ಹೊರತಂದಾಗ, ಆಟವನ್ನು ನಡೆಸುವ ಯಂತ್ರಭಾಗ ಒಂದು ಕಡೆ, ಚಿತ್ರ, ಶಬ್ದ, ನಕ್ಷೆಗಳು ಇನ್ನೊಂದು ಕಡತದಲ್ಲಿ ಇದ್ದವು. ಕಡತವನ್ನು ಬದಲಿಸಿದರೆ ಆಟವೇ ಬದಲಾಗುತ್ತಿತ್ತು. ಮರುವರ್ಷವೇ ಜಸ್ಟಿನ್ ಫಿಷರ್ ಎಂಬವರು ‘ಏಲಿಯನ್ಸ್’ ಚಲನಚಿತ್ರದ ಲೋಕವನ್ನೇ ಅದರೊಳಗೆ ತಂದು ಕೂರಿಸಿದರು. ಆದರೆ ‘ಡೂಮ್’ನ ರಾಕ್ಷಸರು ಚಪ್ಪಟೆ ಚಿತ್ರಗಳು, ಸುತ್ತಲೂ ಆಕಾರವುಳ್ಳ ಬೊಂಬೆಗಳು ಅದೇ ಸಂಸ್ಥೆಯ 1996ರ ‘ಕ್ವೇಕ್’ ಆಟದಲ್ಲಿ ಬಂದವು. (ಬಲ್ಲವರು ಇದನ್ನು ಮಾಡೆಲ್ ಎನ್ನುತ್ತಾರೆ. ಕುಣಿಯುವ ವಸ್ತುವಾದುದರಿಂದ ನನಗೆ ಬೊಂಬೆಯೆಂಬ ಮಾತೇ ಹೆಚ್ಚು ಒಪ್ಪುತ್ತದೆ.)

ಪರಿಣತರಲ್ಲದವರಿಗೂ ಈ ವಿದ್ಯೆ ಕೈಗೆಟುಕುವಂತಾದುದಕ್ಕೆ ಬ್ಲಿಜರ್ಡ್ ಸಂಸ್ಥೆಯ ‘ವಾರ್‌ಕ್ರಾಫ್ಟ್ 3’ ಒಳ್ಳೆಯ ಉದಾಹರಣೆ. 2002ರ ಜುಲೈಯಲ್ಲಿ ಬಂದ ಆ ಆಟದ ಜೊತೆಯಲ್ಲಿಯೇ ‘ವರ್ಲ್ಡ್ ಎಡಿಟರ್’ ಎಂಬ ಸಾಧನವೂ ಇದ್ದಿತು. ಅದರಲ್ಲಿ ಬೆಟ್ಟ, ನದಿ, ಕಾಡುಗಳನ್ನು ಬಿಡಿಸುವುದಲ್ಲದೆ ಹೊರಗಿನ ಬೊಂಬೆಯನ್ನೂ ತಂದು ಸೇರಿಸಬಹುದಾಗಿತ್ತು. ಸೇರಿಸುವುದು ಸುಲಭ, ಅದು ನಡೆದಾಡುವಂತೆ ಮಾಡುವುದರಲ್ಲಿಯೇ ಕಷ್ಟವೆಲ್ಲ. ಬೊಂಬೆಯ ಆಕಾರ ಒಂದು ಕಡತ, ಅದರ ಮೈಮೇಲಿನ ಬಣ್ಣ ಇನ್ನೊಂದು ಕಡತ. ಬಣ್ಣದ ಕಡತ ಎಲ್ಲಿದೆ ಎಂಬ ವಿಳಾಸವು ಬೊಂಬೆಯೊಳಗೇ ಬರೆದಿರುತ್ತಿತ್ತು. ಎಡಿಟರಾದರೋ ಹೊರಗಿನಿಂದ ಬಂದುದಕ್ಕೆಲ್ಲ ತನ್ನದೇ ಒಂದು ವಿಳಾಸ ಕೊಡುತ್ತಿತ್ತು. ಎರಡೂ ಕೂಡದಿದ್ದರೆ ಬೊಂಬೆಗೆ ಅದರ ಬಣ್ಣ ಸಿಗುತ್ತಿರಲಿಲ್ಲ. ವಿಳಾಸವನ್ನು ಅಕ್ಷರ ತಪ್ಪದೆ ಕೈಯಿಂದಲೇ ತಿದ್ದಬೇಕಾಗಿತ್ತು. ನಿಲ್ಲುವುದು, ನಡೆಯುವುದು, ಹೊಡೆಯುವುದು, ಸಾಯುವುದು, ಈ ಒಂದೊಂದು ಚಲನೆಗೂ ಗೊತ್ತಾದ ಹೆಸರಿರಬೇಕು. ಆ ಹೆಸರಿನಿಂದಲೇ ಆಟವು ಅದನ್ನು ಕರೆಯುತ್ತದೆ. ಇಷ್ಟಾದ ಮೇಲೂ ಯಾವ ಆಟಗಾರನ ಸೈನಿಕನೆಂಬುದು ತಿಳಿಯುವಂತೆ ಅಂಗಿಯ ಒಂದು ಭಾಗವನ್ನು ಪಕ್ಷದ ಬಣ್ಣಕ್ಕೆಂದು ಬಿಟ್ಟಿರಬೇಕು. ಸಂಬಳವಿಲ್ಲದೆ ಇದನ್ನೆಲ್ಲ ಮಾಡಿದವರ ತಾಳ್ಮೆಯನ್ನು ಮೆಚ್ಚಬೇಕು.

ಇನ್ನೊಂದು ತೊಡಕೂ ಇದ್ದಿತು. ಅಂತರ್ಜಾಲದಲ್ಲಿ ಕೂಡಿ ಆಡುವ ನಕ್ಷೆಯ ಗಾತ್ರಕ್ಕೆ ಮಿತಿಯಿದ್ದುದರಿಂದ ಬೊಂಬೆಗಳನ್ನು ಬೇಕಾದಷ್ಟು ತುಂಬುವಂತಿರಲಿಲ್ಲ. ಈ ಎಡಿಟರಿನಿಂದ ಹುಟ್ಟಿದ ನಕ್ಷೆಗಳಲ್ಲಿ ಲೋಕಪ್ರಸಿದ್ಧವಾದ ‘ಡೋಟಾ’ ಸಹ ಬಹುಪಾಲು ಬ್ಲಿಜರ್ಡಿನ ಬೊಂಬೆಗಳಿಂದಲೇ ಆಡಿತು. ಅದನ್ನು ಆರಂಭಿಸಿದವರು ಯೂಲ್ ಎಂಬ ಗುಪ್ತನಾಮದವರು. 2004ರಲ್ಲಿ ಅವರು, ಇನ್ನು ಯಾರು ಬೇಕಾದರೂ ಇದನ್ನು ಮುಂದುವರಿಸಬಹುದು, ತನ್ನ ಹೆಸರನ್ನೊಮ್ಮೆ ನೆನೆದರೆ ಸಾಕು ಎಂದುಬಿಟ್ಟರು. ಸ್ಟೀವ್ ಫೀಕ್, ಅನಂತರ ಐಸ್‌ಫ್ರಾಗ್ ಎಂಬವರು ಅದನ್ನು ಬೆಳೆಸಿದರು.

ಹಣ ಕಂಡೊಡನೆ ಹಕ್ಕಿನ ಮಾತು ಎದ್ದಿತು. ಐಸ್‌ಫ್ರಾಗ್ ವಾಲ್ವ್ ಸಂಸ್ಥೆಗೆ ಸೇರಿದ ಮೇಲೆ, ‘ಡೋಟಾ’ ಎಂಬ ಹೆಸರು ಯಾರದೆಂದು ಬ್ಲಿಜರ್ಡಿಗೂ ವಾಲ್ವ್‌ಗೂ ವ್ಯಾಜ್ಯ ನಡೆದು 2012ರಲ್ಲಿ ರಾಜಿಯಾಯಿತು. ಮರುವರ್ಷ ‘ಡೋಟಾ 2’ ಹೊಸ ಬೊಂಬೆಗಳೊಡನೆ ಹೊರಬಂದಿತು. ಬಳಿಕ ಅದೇ ಎರಡು ಸಂಸ್ಥೆಗಳು ಒಂದಾಗಿ ಬೇರೆ ಆಟದವರ ಮೇಲೆ ಕ್ಯಾಲಿಫೋರ್ನಿಯದ ನ್ಯಾಯಾಲಯದಲ್ಲಿ ದಾವೆ ಹೂಡಿದವು. ಯೂಲ್ ಅವರ 2004ರ ಆ ಮಾತು ಹಕ್ಕನ್ನೇ ಬಿಟ್ಟುಕೊಟ್ಟಂತೆಯೋ ಅಲ್ಲವೋ ಎಂಬ ಚರ್ಚೆ ಅಲ್ಲಿ ಎದ್ದು, 2017ರಲ್ಲಿ ನ್ಯಾಯಾಧೀಶರು ಅದನ್ನು ಜ್ಯೂರಿಗೆ ಬಿಡತಕ್ಕ ವಿಷಯವೆಂದರು.

ಬ್ಲಿಜರ್ಡ್ ಪಾಠ ಕಲಿಯಿತು. 2020ರ ಜನವರಿಯಲ್ಲಿ ಅದೇ ಆಟದ ನವೀಕೃತ ರೂಪ ಬಂದಾಗ, ಎಡಿಟರಿನಿಂದ ಯಾರು ಏನು ಕಟ್ಟಿದರೂ ಆ ಆಟ ಸಂಸ್ಥೆಯ ಸ್ವತ್ತೆಂಬ ಕರಾರು ಜೊತೆಗೇ ಬಂದಿತು. ರಂಗಸ್ಥಳ ಕೊಟ್ಟವನು ಬಾಡಿಗೆ ಕೇಳಿದ್ದರೆ ನ್ಯಾಯವೆನ್ನಬಹುದಿತ್ತು. ನಾಟಕವೇ ತನ್ನದೆನ್ನುವುದು ಅತಿಯಾಯಿತು.

ಈ ಹವ್ಯಾಸಿಗಳು ತಮ್ಮತಮ್ಮಲ್ಲಿ ಪಾಲಿಸಿಕೊಂಡು ಬಂದ ನಿಯಮವಾದರೋ ಬಹಳ ಚಿಕ್ಕದು. ಇನ್ನೊಬ್ಬರ ಬೊಂಬೆಯನ್ನು ಬಳಸಿದವನು ತನ್ನ ನಕ್ಷೆಯಲ್ಲಿ ಅವರ ಹೆಸರನ್ನು ಬರೆಯಬೇಕು. ಎಷ್ಟೋ ನಕ್ಷೆಗಳಲ್ಲಿ ಎಫ್9 ಕೀಲಿಯನ್ನೊತ್ತಿದರೆ ಆ ಪಟ್ಟಿ ತೆರೆಯುತ್ತದೆ, ಇರುವುವೆಲ್ಲ ಗುಪ್ತನಾಮಗಳೇ.