ಕಂಪ್ಯೂಟರ್ ಹಾರ್ಡ್‌ವೇರ್ ಪರೀಕ್ಷೆ: ಲ್ಯಾಪ್‌ಟಾಪ್ ಕೊಳ್ಳುವ ಮುನ್ನ, ಕೊಂಡ ಮೇಲೆ

ಮೈಸೂರಿನಿಂದ ಎಚ್.ಡಿ. ಕೋಟೆ ದಾರಿಯಾಗಿ ಮಾನಂದವಾಡಿಗೆ ಹೋಗುವಾಗ ಕರ್ನಾಟಕ ಮುಗಿದು ಕೇರಳ ಶುರುವಾಗುವ ಊರು ಬಾವಲಿ. ನಾಗರಹೊಳೆ ಕಾಡಿನ ಆ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ಬಂದ್. ಮಗಳ ಕಾಲೇಜಿಗೆಂದು ಮೈಸೂರಿನಿಂದ ತಂದ ಲ್ಯಾಪ್‌ಟಾಪ್ ಮನೆಯಲ್ಲಿ ಕೈಕೊಟ್ಟರೆ ಒಂದು ದಿನದ ದುಡಿಮೆ ಬಿಟ್ಟು ವಾಪಸ್ ಹೋಗಬೇಕು. ಇಂಥ ಊರುಗಳಿಗೆ ಹಾರ್ಡ್‌ವೇರ್ ಪರೀಕ್ಷೆ ಅಂದರೆ ಹವ್ಯಾಸವಲ್ಲ, ದುಡ್ಡಿನ ಪ್ರಶ್ನೆ.

ಬಾಕ್ಸ್ ಮೇಲಿನ ಮಾಹಿತಿ ಪರೀಕ್ಷೆಯಲ್ಲ

ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು ಜಿಬಿ ಎಂಬುದು ಕಂಪನಿ ಕೊಡುವ ವಿವರ ಮಾತ್ರ. ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳ ವೇಗ ಬೇರೆ ಬೇರೆ ಇರಬಹುದು. ಫ್ಯಾನ್ ಸಣ್ಣದಿದ್ದು ಬಿಸಿ ಹೊರಹೋಗದಿದ್ದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ಇದನ್ನು ಥ್ರಾಟ್ಲಿಂಗ್ ಎನ್ನುತ್ತಾರೆ. ಎರಡು ನಿಮಿಷದ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ, ಹತ್ತು ಹದಿನೈದು ನಿಮಿಷ ಓಡಿಸಿದಾಗ ಗೊತ್ತಾಗುತ್ತದೆ.

ಬೆಂಚ್‌ಮಾರ್ಕ್ ಬಂದ ದಾರಿ

ಕಂಪ್ಯೂಟರಿನ ವೇಗ ಅಳೆಯಲು ಬರೆದ ಪ್ರೋಗ್ರಾಂಗೆ ಬೆಂಚ್‌ಮಾರ್ಕ್ ಎಂದು ಹೆಸರು. ವೆಟ್‌ಸ್ಟೋನ್ (1972), ಡ್ರೈಸ್ಟೋನ್ (1984) ಹಳೆಯವು. 1988ರಲ್ಲಿ ಕಂಪ್ಯೂಟರ್ ಕಂಪನಿಗಳು ಸೇರಿ ಸ್ಪೆಕ್ ಎಂಬ ಸಂಸ್ಥೆ ಕಟ್ಟಿದವು. ಅಂಕ ಪ್ರಕಟಿಸುವವರು ಯಾವ ಯಂತ್ರ, ಎಷ್ಟು ಮೆಮೊರಿ, ಯಾವ ಸಾಫ್ಟ್‌ವೇರ್ ಎಂಬುದನ್ನೆಲ್ಲ ಬಹಿರಂಗಪಡಿಸಬೇಕು, ಬೇರೆಯವರು ಅದೇ ಪರೀಕ್ಷೆ ಮಾಡಿ ನೋಡುವಂತಿರಬೇಕು ಎಂಬುದು ಅದರ ನಿಯಮ. ಒಳ್ಳೆಯ ಪರೀಕ್ಷೆಗೆ ಇಂದಿಗೂ ಇದೇ ಅಳತೆಗೋಲು.

ಅಂಕಗಳಲ್ಲೂ ಮೋಸ ನಡೆದದ್ದುಂಟು. 2018ರಲ್ಲಿ ಹುವಾವೆಯ ಕೆಲವು ಮೊಬೈಲ್‌ಗಳು ತ್ರೀಡಿಮಾರ್ಕ್ ಆ್ಯಪ್ ಓಡುತ್ತಿರುವುದನ್ನು ಗುರುತಿಸಿ ಆಗ ಮಾತ್ರ ಹೆಚ್ಚು ವೇಗ ತೋರಿಸುತ್ತಿದ್ದವು. ಆ್ಯಪ್ ತಯಾರಿಸುವ ಯುಎಲ್ ಅವುಗಳನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಹಾಗಾಗಿ ಒಂದೇ ಅಂಕ ನೋಡಿ ತೀರ್ಮಾನ ಮಾಡಬಾರದು.

ಪರೀಕ್ಷಿಸುವ ಕ್ರಮ

* ವೇಗ: ಒಂದೇ ಪರೀಕ್ಷೆಯನ್ನು ಕನಿಷ್ಠ ಮೂರು ಸಲ ಮಾಡಬೇಕು. ಚಾರ್ಜರ್ ಹಾಕಿ ಒಮ್ಮೆ, ಬ್ಯಾಟರಿಯಲ್ಲಿ ಒಮ್ಮೆ ನೋಡಬೇಕು. ಕೋಣೆಯ ಉಷ್ಣತೆ ಬರೆದಿಡಬೇಕು. ಎಸಿ ಕೋಣೆಯಲ್ಲಿ ಬಂದ ಅಂಕ ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ ಬರಲಿಕ್ಕಿಲ್ಲ.
* ಎಸ್‌ಎಸ್‌ಡಿ: ಹಲವು ಎಸ್‌ಎಸ್‌ಡಿಗಳು ಮೊದಲ ಕೆಲವು ಜಿಬಿ ಬೇಗ ಬರೆದು ಆಮೇಲೆ ನಿಧಾನವಾಗುತ್ತವೆ. ದೊಡ್ಡ ಫೋಲ್ಡರ್ ಕಾಪಿ ಮಾಡಿ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಡಿಸ್ಕ್ ಎಷ್ಟು ಗಂಟೆ ಓಡಿದೆ, ಆರೋಗ್ಯ ಹೇಗಿದೆ ಎಂದು ತೋರಿಸುತ್ತದೆ.
* ರ‍್ಯಾಮ್: ಮೆಮ್‌ಟೆಸ್ಟ್86 ಅನ್ನು ರಾತ್ರಿಯಿಡೀ ಓಡಲು ಬಿಡಬಹುದು. ತಪ್ಪುಗಳು ಕಂಡರೆ ರ‍್ಯಾಮ್ ಅನ್ನು ನಂಬುವಂತಿಲ್ಲ.
* ಬ್ಯಾಟರಿ: ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ಎರಡು ಸಂಖ್ಯೆ ಕೊಡುತ್ತದೆ. ಹೊಸದಿದ್ದಾಗಿನ ಸಾಮರ್ಥ್ಯ 50,000, ಈಗಿನದು 30,000 ಎಂದಿದ್ದರೆ ಉಳಿದಿರುವುದು ಶೇ. 60 ಮಾತ್ರ.
* ಪೆನ್‌ಡ್ರೈವ್, ಮೆಮೊರಿ ಕಾರ್ಡ್: ನಕಲಿಗಳು ಇಲ್ಲದ ಜಿಬಿ ಇದೆ ಎಂದು ತೋರಿಸುತ್ತವೆ. ಎಚ್2ಟೆಸ್ಟ್‌ಡಬ್ಲ್ಯು ಪೂರ್ತಿ ತುಂಬಿಸಿ, ಓದಿ, ನಿಜ ಹೇಳುತ್ತದೆ.

ಸೆಕೆಂಡ್ ಹ್ಯಾಂಡ್ ಮತ್ತು ಗಲ್ಫ್ ಲ್ಯಾಪ್‌ಟಾಪ್

ಕೇರಳದ ಶಾಲೆಗಳಲ್ಲಿ ಕೈಟ್ ಸಂಸ್ಥೆ ಸಿದ್ಧಪಡಿಸಿದ, ಉಬುಂಟು ಆಧಾರಿತ ಲಿನಕ್ಸ್ ಬಳಕೆಯಲ್ಲಿದೆ. ಅಂಥ ಲಿನಕ್ಸ್ ಪೆನ್‌ಡ್ರೈವ್ ಒಂದನ್ನು ಅಂಗಡಿಗೆ ಒಯ್ದರೆ, ಇನ್‌ಸ್ಟಾಲ್ ಮಾಡದೆಯೇ ಲ್ಯಾಪ್‌ಟಾಪ್ ಆನ್ ಮಾಡಿ ವೈಫೈ, ಸೌಂಡ್, ಕ್ಯಾಮೆರಾ, ಎಲ್ಲ ಕೀಗಳು ಮತ್ತು ಯುಎಸ್‌ಬಿ ಪೋರ್ಟ್‌ಗಳನ್ನು ಹದಿನೈದು ನಿಮಿಷದಲ್ಲಿ ನೋಡಿಬಿಡಬಹುದು. ಹಳೆಯ ಕಂಪನಿ ಲ್ಯಾಪ್‌ಟಾಪ್ ಆದರೆ ಬಯೋಸ್ ಪಾಸ್‌ವರ್ಡ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ದುಬೈ, ಸೌದಿಯಿಂದ ಅಣ್ಣನೋ ಮಾವನೋ ತರುವ ಲ್ಯಾಪ್‌ಟಾಪ್ ಅನ್ನು ಅಲ್ಲಿಯೇ ಪರೀಕ್ಷಿಸಿ ಪ್ಯಾಕ್ ಮಾಡುವುದು ಒಳ್ಳೆಯದು. ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಸೀರಿಯಲ್ ನಂಬರ್ ಹಾಕಿ ಕಂಪನಿಯಲ್ಲಿ ಕೇಳಬೇಕು. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದ್ದರೆ ಇಲ್ಲಿನ ಕರೆಂಟಿಗೆ ತೊಂದರೆಯಿಲ್ಲ, ಪ್ಲಗ್ ಮಾತ್ರ ಬೇರೆ.

ಭಾರತದಲ್ಲಿ ಮಾರುವ ಹೊಸ ಲ್ಯಾಪ್‌ಟಾಪ್, ಅಡಾಪ್ಟರ್‌ಗಳಿಗೆ ಬಿಐಎಸ್ ನೋಂದಣಿ ಕಡ್ಡಾಯ. ಅದರ ಮೇಲಿನ 'ಆರ್' ಅಕ್ಷರದಿಂದ ಶುರುವಾಗುವ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ನೋಡಬಹುದು. ಇದು ಸುರಕ್ಷತೆಗೆ ಸಂಬಂಧಿಸಿದ್ದು, ವೇಗಕ್ಕಲ್ಲ.

ವಿಮರ್ಶೆಯನ್ನು ಓದುವುದು ಹೇಗೆ?

ಯಂತ್ರ ಯಾರು ಕೊಟ್ಟದ್ದು, ಎಷ್ಟು ದಿನ ಬಳಸಿದ್ದು, ಯಾವುದನ್ನು ಪರೀಕ್ಷಿಸಿಲ್ಲ ಎಂಬುದನ್ನು ಹೇಳುವ ವಿಮರ್ಶೆಯನ್ನು ನಂಬಬಹುದು. ಕಂಪನಿಯಿಂದ ಹಣವನ್ನೋ ಉಚಿತ ವಸ್ತುವನ್ನೋ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಹೇಳುತ್ತದೆ. ಒಂದು ದಿನ ಬಳಸಿ ಮಾಡಿದ ವಿಡಿಯೊ ಮೊದಲ ನೋಟವಷ್ಟೇ. ಹಿಂಜ್ ಸಡಿಲವಾಗುವುದು, ಬ್ಯಾಟರಿ ಉಬ್ಬುವುದು, ಸರ್ವಿಸ್ ಸೆಂಟರ್ ಸತಾಯಿಸುವುದು ತಿಂಗಳುಗಳ ನಂತರ ತಿಳಿಯುವ ಸಂಗತಿ.

ಪರೀಕ್ಷೆಯೇ ಸಾಕ್ಷಿ

ಬಾಕ್ಸ್ ಬಿಚ್ಚುವಾಗಿನ ವಿಡಿಯೊ, ಪರೀಕ್ಷೆಯ ಸ್ಕ್ರೀನ್‌ಶಾಟ್, ಜಿಎಸ್‌ಟಿ ಬಿಲ್ ಮೂರನ್ನೂ ಜೋಪಾನ ಮಾಡಬೇಕು. ರಿಟರ್ನ್ ಅವಧಿ ಮುಗಿಯುವ ಮೊದಲೇ ಪರೀಕ್ಷೆಗಳೆಲ್ಲ ಮುಗಿದಿರಬೇಕು. ಅಂಗಡಿಯವರು ದೋಷ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರನ್ನು ಗ್ರಾಹಕ ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಮೈಸೂರಿನಲ್ಲಿ ಕೊಂಡ ಬಾವಲಿಯವರು ಕಲ್ಪೆಟ್ಟದಲ್ಲಿರುವ ವಯನಾಡ್ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ದೂರು ಕೊಡಲು 2 ವರ್ಷ ಕಾಲಾವಕಾಶವಿದೆ. ಅಲ್ಲಿ 'ಸ್ಲೋ ಇದೆ' ಎಂಬ ಬಾಯಿಮಾತಿಗಿಂತ ತಾರೀಕು ಹಾಕಿ ಬರೆದಿಟ್ಟ ಮೂರು ಸಲದ ಪರೀಕ್ಷೆಗೆ ತೂಕ ಜಾಸ್ತಿ.