ಲೈಪ್‌ಜಿಗ್: ಸರಕು ಮನೆಯಲ್ಲೇ, ಜನ ಮಾತ್ರ ಜಾತ್ರೆಗೆ

ಜರ್ಮನ್ ಭಾಷೆಯಲ್ಲಿ 'ಮೆಸ್ಸೆ' ಅಂದರೆ ಚರ್ಚಿನ ಪೂಜೆಯೂ ಹೌದು, ವ್ಯಾಪಾರ ಮೇಳವೂ ಹೌದು. ನಮಗೇನೂ ಇದು ವಿಚಿತ್ರ ಅನ್ನಿಸಬೇಕಿಲ್ಲ. ದೇವರ ತೇರು, ಎತ್ತಿನ ವ್ಯಾಪಾರ ಎರಡೂ ಒಂದೇ ಬಯಲಲ್ಲಿ ನಡೆಯುವುದನ್ನು ನೋಡಿದವರು ನಾವು. ಆದರೆ ಲೈಪ್‌ಜಿಗ್ ಎಂಬ ಊರು ಈ ಜಾತ್ರೆಯನ್ನೇ ಕಸುಬು ಮಾಡಿಕೊಂಡಿತು. ಅದರ ಚರಿತ್ರೆಯಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಸರಕಲ್ಲ, ಬಂದುಹೋಗುವ ಜನ.

ಎರಡು ಹೆದ್ದಾರಿಗಳು ಕೂಡುವ ಜಾಗ ಅದು. 1497ರಲ್ಲಿ ಚಕ್ರವರ್ತಿ ಮೊದಲನೇ ಮ್ಯಾಕ್ಸಿಮಿಲಿಯನ್ ಅಲ್ಲಿನ ಮೇಳಗಳಿಗೆ ಸಾಮ್ರಾಜ್ಯದ ಮುದ್ರೆ ಒತ್ತಿದ. 1507ರಲ್ಲಿ, ಸುತ್ತಲಿನ 15 ಮೈಲಿಯೊಳಗೆ ಬೇರಾವ ಊರೂ ಅಂಥ ಮೇಳ ನಡೆಸಕೂಡದು ಎಂದ. (ಆಗಿನ ಜರ್ಮನ್ ಮೈಲಿ ಬಲು ಉದ್ದ, ಲೆಕ್ಕ ಹಾಕಿದರೆ ನೂರು ಕಿಲೋಮೀಟರಿಗೂ ಹೆಚ್ಚು!) ಮುಕ್ತ ವ್ಯಾಪಾರ ಅಂತ ಈಗ ಭಾಷಣ ಮಾಡುತ್ತೇವಲ್ಲ, ಅದರ ಮುತ್ತಜ್ಜ ಬೆಳೆದದ್ದು ಇಂಥ ಏಕಸ್ವಾಮ್ಯದ ನೆರಳಲ್ಲಿ.

ಪೂರ್ವ ಯುರೋಪಿನಿಂದ ಯೆಹೂದಿ ವ್ಯಾಪಾರಿಗಳು ತುಪ್ಪಳದ ಚರ್ಮ ಹೊತ್ತು ಬರುತ್ತಿದ್ದರು. ಮೇಳದ ದಿನಗಳಲ್ಲಿ ಬರಬಹುದು, ಅದಕ್ಕೂ ತಲೆಗಂದಾಯ ಕಟ್ಟಬೇಕು. ಮೇಳ ಮುಗಿದ ಮೇಲೆ ಊರಲ್ಲಿ ನೆಲೆಸಲು ಬಹುತೇಕರಿಗೆ ಅಪ್ಪಣೆಯಿಲ್ಲ. ಅವರ ದುಡ್ಡು ಬೇಕು, ಅವರು ಬೇಡ!

ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಬಂತು. ಕಾರ್ಖಾನೆಯಿಂದ ಸರಕು ನೇರ ಅಂಗಡಿಗೇ ಹೋಗುವಾಗ ಗಾಡಿಗಟ್ಟಲೆ ಸಾಮಾನು ಮೇಳಕ್ಕೆ ತರುವುದೇಕೆ? ಬೇರೆ ಊರಾದರೆ ಅಲ್ಲಿಗೇ ಮುಗಿಯುತ್ತಿತ್ತು. ಲೈಪ್‌ಜಿಗ್ 1895ರಲ್ಲಿ ಹೊಸ ಉಪಾಯ ಹೂಡಿತು. ಪ್ರತಿಯೊಂದರಲ್ಲೂ ಒಂದೇ ಒಂದು ಮಾದರಿ ತನ್ನಿ, ತೋರಿಸಿ, ಆರ್ಡರ್ ಬರೆದುಕೊಳ್ಳಿ, ಸರಕು ಆಮೇಲೆ ಕಳಿಸಿ. ಇದಕ್ಕೆಂದೇ ನಡುಪೇಟೆಯಲ್ಲಿ ಅರಮನೆಯಂಥ ಕಟ್ಟಡಗಳೆದ್ದವು. ಇವತ್ತು ಜಗತ್ತಿನ ಯಾವ ವ್ಯಾಪಾರ ಮೇಳಕ್ಕೆ ಹೋದರೂ ನೀವು ಕಾಣುವುದು ಈ ಪದ್ಧತಿಯನ್ನೇ. ಗಮನಿಸಿ, ಸರಕು ಮನೆಯಲ್ಲೇ ಉಳಿಯಿತು, ಮನುಷ್ಯ ಮಾತ್ರ ಬರಲೇಬೇಕಾಯಿತು. ಅಪರಿಚಿತನಿಗೆ ಸಾಲ ಕೊಡುವ ಮುಂಚೆ ಅವನ ಮುಖ ನೋಡಬೇಕಲ್ಲ!

ಎರಡನೇ ಮಹಾಯುದ್ಧದ ನಂತರ ಲೈಪ್‌ಜಿಗ್ ಸೋವಿಯತ್ ವಲಯಕ್ಕೆ ಸೇರಿತು. 1946ರಲ್ಲೇ ಮೇಳ ಮತ್ತೆ ಶುರು. ಪೂರ್ವ ಜರ್ಮನಿಯ ಸರ್ಕಾರಕ್ಕೆ ಪಶ್ಚಿಮದ ಹಣ ಬೇಕಿತ್ತು. ಹಾಗಾಗಿ ಗೋಡೆ ಕಟ್ಟಿ ಕೂತ ದೇಶವೇ ವರ್ಷಕ್ಕೆರಡು ಬಾರಿ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಬಾಗಿಲು ತೆರೆಯುತ್ತಿತ್ತು. ಊರಿನವರು ತಮ್ಮ ಮನೆಯ ಕೋಣೆಗಳನ್ನು ಪರದೇಶಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು.

ಆ ಬಾಗಿಲಿನಿಂದ ಕೊನೆಗೆ ಏನಾಯ್ತು ಗೊತ್ತಾ? 1989ರ ಸೆಪ್ಟೆಂಬರ್ 4, ಸೋಮವಾರ. ಶರತ್ಕಾಲದ ಮೇಳ ನಡೆದಿತ್ತು, ಅದಕ್ಕೆಂದು ಪಶ್ಚಿಮದ ಟೀವಿಯವರು ಊರಲ್ಲಿದ್ದರು. ನಿಕೋಲಾಯ್ ಚರ್ಚಿನಲ್ಲಿ ಸೋಮವಾರದ ಶಾಂತಿ ಪ್ರಾರ್ಥನೆ ಮುಗಿಸಿ ಹೊರಬಂದ ಕೆಲವರು ಮುಕ್ತ ದೇಶ ಬೇಕೆಂಬ ಬ್ಯಾನರ್ ಬಿಡಿಸಿದರು. ಮಫ್ತಿಯಲ್ಲಿದ್ದ ಗುಪ್ತ ಪೊಲೀಸರು ಕ್ಯಾಮೆರಾಗಳ ಎದುರೇ ಅದನ್ನು ಕಿತ್ತುಕೊಂಡರು. ಆ ಚಿತ್ರ ಪಶ್ಚಿಮದ ಟೀವಿಯಲ್ಲಿ ಬಂತು, ಅದನ್ನು ಪೂರ್ವದ ಮನೆಮನೆಯಲ್ಲೂ ನೋಡುತ್ತಿದ್ದರು. ಅಕ್ಟೋಬರ್ 9ಕ್ಕೆ ಬೀದಿಯಲ್ಲಿ ಸುಮಾರು 70 ಸಾವಿರ ಜನ! ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು.

ಮೇಳಕ್ಕೆ ಮಾತ್ರ ಇದರಿಂದ ನಷ್ಟವೇ. ಬ್ರಿಟಿಷ್ ಆಡಳಿತದಲ್ಲಿ 1947ರಲ್ಲಿ ಶುರುವಾದ ಹ್ಯಾನೋವರ್ ಮೇಳ ಅಷ್ಟರಲ್ಲಿ ಬಹಳ ದೊಡ್ಡದಾಗಿತ್ತು. ಲೈಪ್‌ಜಿಗ್ 1996ರಲ್ಲಿ ಊರಾಚೆ ಗಾಜಿನ ಸಭಾಂಗಣ ಕಟ್ಟಿಕೊಂಡರೂ ಹಳೆಯ ಗದ್ದುಗೆ ಸಿಗಲಿಲ್ಲ. ನಡುಪೇಟೆಯ ಆ ಹಳೆಯ ಕಟ್ಟಡಗಳಲ್ಲಿ ಈಗ ಅಂಗಡಿ, ಆಫೀಸು, ಹೋಟೆಲುಗಳಿವೆ.