ಹಾಡಿನಲ್ಲೇ ಇತ್ತು ಊರಿನ ವಿಳಾಸ

1928ರ ಡಿಸೆಂಬರ್‌ನಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಕರಿಯ ಕೂಲಿಯೊಬ್ಬ ನ್ಯೂಯಾರ್ಕಿಗೆ ಬಂದು ಓಕೆ ಎಂಬ ಗ್ರಾಮಫೋನ್ ಕಂಪೆನಿಗೆ ಹಾಡಿದ. ಹೆಸರು ಜಾನ್ ಹರ್ಟ್. ಹೆಬ್ಬೆರಳಿನಿಂದ ಗಿಟಾರಿನಲ್ಲಿ ತಾಳ ಹಿಡಿದು, ಉಳಿದ ಬೆರಳುಗಳಿಂದ ರಾಗ ನುಡಿಸುತ್ತ, ಪಕ್ಕದಲ್ಲಿ ಕೂತವರಿಗಷ್ಟೇ ಹೇಳುವಂತೆ ಮೆಲ್ಲಗೆ ಹಾಡುವುದು ಆತನ ರೀತಿ. ಮಹಾನಗರದಲ್ಲಿ ಊರ ನೆನಪು ಕಾಡಿರಬೇಕು. ಒಂದು ಹಾಡಿಗೆ ತನ್ನ ಹಳ್ಳಿಯ ಹೆಸರನ್ನೇ ಇಟ್ಟ. ಅದು 'ಅವಲಾನ್ ಬ್ಲೂಸ್'.

ಗುಲಾಮಗಿರಿ ಹೋದ ಮೇಲೂ ಹತ್ತಿ ಹೊಲಗಳಿಂದ ಬಿಡುಗಡೆ ಕಾಣದ ಜನರ ಹಾಡು ಬ್ಲೂಸ್. ಸಾಮಾನ್ಯವಾಗಿ ಮೂರು ಸಾಲಿನ ಪದ್ಯ: ಮೊದಲ ಸಾಲನ್ನು ಎರಡು ಸಲ ಹಾಡಿ, ಮೂರನೆಯದರಲ್ಲಿ ಅದಕ್ಕೆ ಉತ್ತರ ಕೊಡುವುದು. ಕಂಪೆನಿಗಳು ಇವನ್ನು ಕರಿಯರಿಗೆಂದೇ ಬೇರೆ ಪಟ್ಟಿ ಮಾಡಿ ಮಾರುತ್ತಿದ್ದವು. ಹರ್ಟ್‌ನ ತಟ್ಟೆಗಳು ಹೆಚ್ಚು ಖರ್ಚಾಗಲಿಲ್ಲ. 1929ರ ಆರ್ಥಿಕ ಕುಸಿತ ಉಳಿದದ್ದನ್ನೂ ನುಂಗಿತು. ಆತ ಹೊಲಕ್ಕೆ ಮರಳಿದ.

ಆ ಕಾಲದ ತಟ್ಟೆಗಳು ಅರಗಿನವು. ಅರಗು ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದ. ಎರಡನೇ ಮಹಾಯುದ್ಧದಲ್ಲಿ ಅದಕ್ಕೆ ಕೊರತೆ ಬಿದ್ದಾಗ ಹಳೆಯ ತಟ್ಟೆಗಳನ್ನೇ ಸಂಗ್ರಹಿಸಿ ಹೊಸದಕ್ಕೆ ಬಳಸಿದರು. ಎಷ್ಟು ದನಿಗಳು ಹಾಗೆ ಕರಗಿದವೋ! ಅಳಿದುಳಿದವನ್ನು ಗುಜರಿಗಳಲ್ಲಿ ಹುಡುಕಿದವರು ಕೆಲವರು ಹುಚ್ಚು ಹವ್ಯಾಸಿಗಳು. ಅವರಲ್ಲೊಬ್ಬನಾದ ಹ್ಯಾರಿ ಸ್ಮಿತ್ 1952ರಲ್ಲಿ 84 ಹಳೆಯ ಧ್ವನಿಮುದ್ರಣಗಳ ಸಂಕಲನ ತಂದ. ಅದರಲ್ಲಿ ಹರ್ಟ್‌ನ ಹಾಡು ಎರಡು. ಕೇಳಿದ ಯುವಕರು ಬೆರಗಾದರು, ಆದರೆ ಹಾಡಿದವನು ಎಂದೋ ಸತ್ತಿರಬೇಕೆಂದೇ ಬಗೆದರು.

ಟಾಮ್ ಹಾಸ್ಕಿನ್ಸ್ ಎಂಬ ಬಿಳಿಯ ತರುಣನೊಬ್ಬ 'ಅವಲಾನ್ ಬ್ಲೂಸ್' ಅನ್ನು ವಿಳಾಸದಂತೆ ಓದಿದ. ಹೊಸ ನಕ್ಷೆಗಳಲ್ಲಿ ಆ ಹಳ್ಳಿ ಇರಲಿಲ್ಲ, ಹಳೆಯದೊಂದರಲ್ಲಿ ಸಿಕ್ಕಿತು. 1963ರಲ್ಲಿ ಅಲ್ಲಿಗೆ ಹೋದರೆ ಹರ್ಟ್ ಬದುಕಿದ್ದಾನೆ! ಬಂದವನನ್ನು ಪೊಲೀಸರ ಕಡೆಯವನೆಂದು ಆತ ಮೊದಲು ಹೆದರಿದನಂತೆ. ಹೆದರಿಕೆ ಸಹಜವೇ. ಅದೇ ವರ್ಷದ ಜೂನ್‌ನಲ್ಲಿ ಆ ರಾಜ್ಯದ ಜಾಕ್ಸನ್ ನಗರದಲ್ಲಿ ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್‌ನನ್ನು ಆತನ ಮನೆಯೆದುರೇ ಗುಂಡಿಕ್ಕಿ ಕೊಂದರು.

ಹರ್ಟ್ ಬಳಿ ಆಗ ಸ್ವಂತ ಗಿಟಾರೂ ಇರಲಿಲ್ಲ. ಬಂದವನ ಗಿಟಾರ್ ಹಿಡಿದು ನುಡಿಸಿದ. ಕೆಲವೇ ತಿಂಗಳಲ್ಲಿ ನ್ಯೂಪೋರ್ಟ್ ಜಾನಪದ ಉತ್ಸವದ ವೇದಿಕೆ ಏರಿದ. ಮರುವರ್ಷ ಸ್ಕಿಪ್ ಜೇಮ್ಸ್, ಸನ್ ಹೌಸ್ ಕೂಡ ಪತ್ತೆಯಾದರು. ಸನ್ ಹೌಸ್ ಗಿಟಾರ್ ಕೈಬಿಟ್ಟು ವರ್ಷಗಳೇ ಆಗಿದ್ದವು. ಆಲನ್ ವಿಲ್ಸನ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗ ತಟ್ಟೆ ಕೇಳಿ ಕಲಿತಿದ್ದನ್ನು ಆ ಮುದುಕನಿಗೇ ತಿರುಗಿ ಕಲಿಸಬೇಕಾಯಿತು.

ಒಂದು ವಿಪರ್ಯಾಸವನ್ನು ಮರೆಯಬಾರದು. ಆ ವೇಳೆಗೆ ಕರಿಯ ಯುವಜನರು ರೇ ಚಾರ್ಲ್ಸ್, ಸ್ಯಾಮ್ ಕುಕ್‌ರ ಸೋಲ್ ಸಂಗೀತಕ್ಕೆ ಹೊರಳಿದ್ದರು. ಮುದುಕರ ಮುಂದೆ ಕೂತವರು ಬಹುತೇಕ ಬಿಳಿಯ ವಿದ್ಯಾರ್ಥಿಗಳು. ಹರ್ಟ್‌ಗೆ ದೊರೆತದ್ದು ಮೂರೇ ವರ್ಷ. 1966ರ ನವೆಂಬರ್‌ನಲ್ಲಿ, ಮಿಸಿಸಿಪಿಗೆ ಹಿಂತಿರುಗಿದ ಮೇಲೆ, ಅವಲಾನ್‌ಗೆ ಹೆಚ್ಚು ದೂರವಿಲ್ಲದ ಗ್ರೆನಡಾದಲ್ಲಿ ಆತ ತೀರಿಕೊಂಡ.